ಹಗಲಿನ ಜ್ಯೋತಿ, ಇರುಳಿನ ಜ್ಯೋತಿ



ಸೃಷ್ಟಿಯ ನಾಲ್ಕನೆಯ ದಿನ ದೇವರು ಎರಡು ಮಹಾಜ್ಯೋತಿಗಳನ್ನು ನಿರ್ಮಿಸಿದರೆಂದು ಆದಿಕಾಂಡ ತಿಳಿಸುತ್ತದೆ. ಅವುಗಳ ಬೆಲೆಯನ್ನು ನಮ್ಮ ಚಿನ್ನದ ಗಣಿಯ ಹಿರಿಯರು ಚೆನ್ನಾಗಿ ಅರಿತಿದ್ದರು. ೨೦೦೧ರಲ್ಲಿ ಗಣಿ ಮುಚ್ಚುವವರೆಗೂ ಭೂಗರ್ಭದ ಕತ್ತಲಿನಲ್ಲಿ ದುಡಿದು ಮೇಲೆ ಬಂದವರನ್ನು ಒಂದು ಪಾಳಿಯಲ್ಲಿ ಸೂರ್ಯನೂ ಇನ್ನೊಂದರಲ್ಲಿ ಚಂದ್ರನೂ ಎದುರುಗೊಳ್ಳುತ್ತಿದ್ದರು.

ಭೂಮಿಯಿಂದ ನೋಡುವ ನಮಗೆ ಈ ಎರಡು ಬಿಂಬಗಳೂ ಹೆಚ್ಚುಕಡಿಮೆ ಒಂದೇ ಅಳತೆಯವು. ಸುಮಾರು ಅರ್ಧ ಡಿಗ್ರಿ. ಸೈನೈಡ್ ದಿಬ್ಬಗಳ ಹಿಂದಿನಿಂದ ಏಳುವ ಹುಣ್ಣಿಮೆಯ ಚಂದ್ರ ಬಹು ದೊಡ್ಡವನಾಗಿ ಕಾಣುವುದು ಕಣ್ಣಿನ ಭ್ರಮೆ. ತೋಳು ಚಾಚಿ ಹಿಡಿದ ಕಿರುಬೆರಳೊಂದೇ ಅವನನ್ನು ಮರೆಮಾಡಬಲ್ಲದು.

ನಿಜವಾದ ಅಳತೆಯೇ ಬೇರೆ. ಚಂದ್ರನ ವ್ಯಾಸ ೩,೪೭೪ ಕಿಲೋಮೀಟರ್. ಸೂರ್ಯನದು ಸುಮಾರು ೧೩,೯೨,೦೦೦ ಕಿಲೋಮೀಟರ್. ಚಂದ್ರನು ಸರಾಸರಿ ೩,೮೪,೪೦೦ ಕಿಲೋಮೀಟರ್ ದೂರದಲ್ಲಿದ್ದರೆ ಸೂರ್ಯನು ಸುಮಾರು ೧೫ ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಸುಮಾರು ನಾನೂರು ಪಟ್ಟು ದೊಡ್ಡವನು ಸುಮಾರು ನಾನೂರು ಪಟ್ಟು ದೂರದಲ್ಲಿರುವುದರಿಂದ ಇಬ್ಬರೂ ಸಮನಾಗಿ ಕಾಣುತ್ತಾರೆ. ಚಂದ್ರನನ್ನು ಒಂದು ರಾಗಿಕಾಳೆಂದು ಭಾವಿಸಿ ಕಣ್ಣಿನಿಂದ ಒಂದು ಚೋಟು ದೂರದಲ್ಲಿ ಹಿಡಿಯೋಣ. ಆಗ ಸೂರ್ಯನು ಎರಡು ಅಡಿ ಅಗಲದ ಗುಂಡಾಗಿ ಅರವತ್ತೈದು ಮೀಟರ್ ಆಚೆ ಇರಬೇಕಾಗುತ್ತದೆ. ಬೆಳಕಿನಲ್ಲಿಯಾದರೋ ಹೋಲಿಕೆಯೇ ಇಲ್ಲ. ಸೂರ್ಯನ ಪ್ರಕಾಶ ಪೂರ್ಣಚಂದ್ರನದಕ್ಕಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಹೆಚ್ಚು. ಚಂದ್ರನದಾದರೂ ಸೂರ್ಯನಿಂದ ಪಡೆದು ಹಿಂದಿರುಗಿಸಿದ ಬೆಳಕು.

ಈ ಸಮಾನತೆ ಗ್ರಹಣದಲ್ಲಿ ಪರೀಕ್ಷೆಗೊಳಗಾಗುತ್ತದೆ. ೧೯೮೦ರ ಫೆಬ್ರವರಿ ೧೬ರಂದು ಚಂದ್ರನು ಭೂಮಿಗೆ ಸಮೀಪದಲ್ಲಿದ್ದುದರಿಂದ ಅಂಕೋಲೆ, ರಾಯಚೂರುಗಳ ಕಡೆ ಸೂರ್ಯನು ಪೂರ್ಣವಾಗಿ ಮರೆಯಾದನು. ೨೦೧೯ರಲ್ಲಿ, ಕ್ರಿಸ್ತಜಯಂತಿಯ ಮರುದಿನ, ಚಂದ್ರನು ದೂರದಲ್ಲಿದ್ದುದರಿಂದ ಕಾಸರಗೋಡು, ಕೊಡಗುಗಳ ಕಡೆ ಸೂರ್ಯನ ಅಂಚು ಬಳೆಯಂತೆ ಉಳಿಯಿತು. ಕೆ.ಜಿ.ಎಫ್., ಬಂಗಾರಪೇಟೆಗಳಿಗೆ ಎರಡು ಸಲವೂ ದೊರೆತದ್ದು ಪಾರ್ಶ್ವಗ್ರಹಣ. ಆಗ ಎಷ್ಟೋ ಮನೆಗಳವರು ಬಾಗಿಲು ಮುಚ್ಚಿ, ಅನ್ನ ನೀರು ಬಿಟ್ಟು, ಬಸುರಿಯರನ್ನು ಒಳಗೆ ಕೂಡಿಹಾಕಿ ಕುಳಿತದ್ದುಂಟು. ನೆರಳಿನಿಂದ ಅನ್ನ ಕೆಡುವುದಿಲ್ಲ, ಗರ್ಭಕ್ಕೆ ಕೇಡಿಲ್ಲ. ಕೇಡಿರುವುದು ಬರಿಗಣ್ಣಿನಿಂದ ಸೂರ್ಯನನ್ನು ನೋಡುವುದರಲ್ಲಿ. ಹಾಗೆ ನೋಡಿದ ಕಣ್ಣು ನೋವೇ ಇಲ್ಲದೆ ಸುಟ್ಟು, ದೃಷ್ಟಿ ಶಾಶ್ವತವಾಗಿ ಹೋಗಬಹುದು.

ಶುಭ ಶುಕ್ರವಾರದ ಕತ್ತಲೆಯೂ ಗ್ರಹಣವೇ ಎಂದು ಕೆಲವರು ಕೇಳುವುದುಂಟು. ಸೂರ್ಯಗ್ರಹಣ ಸಂಭವಿಸುವುದು ಅಮಾವಾಸ್ಯೆಯಲ್ಲಿ ಮಾತ್ರ. ಯೆಹೂದ್ಯರ ಪಾಸ್ಖವಾದರೋ ಹುಣ್ಣಿಮೆಯ ಹಬ್ಬ. ಅಲ್ಲದೆ ಪೂರ್ಣಗ್ರಹಣದ ಕತ್ತಲೆ ಎಂಟು ನಿಮಿಷವೂ ನಿಲ್ಲದು. ಶುಭಸಂದೇಶ ಹೇಳುವುದು ಮೂರು ತಾಸಿನ ಕತ್ತಲೆಯನ್ನು. ಆದುದರಿಂದ ಅದು ಗ್ರಹಣವಲ್ಲ. ಧರ್ಮಸಭೆಯ ಪಂಚಾಂಗವಾದರೂ ಎರಡು ಜ್ಯೋತಿಗಳನ್ನೂ ಅನುಸರಿಸುತ್ತದೆ. ಕ್ರಿಸ್ತಜಯಂತಿ ಸೂರ್ಯನ ಲೆಕ್ಕದಲ್ಲಿ ಸ್ಥಿರವಾಗಿದೆ. ಪುನರುತ್ಥಾನದ ಹಬ್ಬವು ಮಾರ್ಚ್ ೨೧ರಂದು ಅಥವಾ ಅದರ ನಂತರ ಬರುವ ಪಂಚಾಂಗದ ಹುಣ್ಣಿಮೆಯ ಮುಂದಿನ ಭಾನುವಾರ ಬರುತ್ತದೆ.

೨೦೩೧ರ ಮೇ ೨೧ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣಗ್ರಹಣ ಹಾದುಹೋಗಲಿದೆ. ನಮ್ಮಲ್ಲಿ ಪಾರ್ಶ್ವಗ್ರಹಣ ಕಾಣುವುದು. ಅಂದು ಮಕ್ಕಳನ್ನು ಒಳಗೆ ಕೂಡಿಹಾಕದೆ ಹೊಂಗೆಯ ಮರದ ಕೆಳಗೆ ಕರೆದೊಯ್ಯೋಣ. ಸೂರ್ಯನಿಗೆ ಬೆನ್ನುಮಾಡಿ ನಿಂತು, ಎಲೆಗಳ ಸಂದಿನಿಂದ ನೆಲಕ್ಕೆ ಬಿದ್ದ ನೂರಾರು ಬಾಲಸೂರ್ಯರನ್ನು ತೋರಿಸೋಣ. ಅದಕ್ಕೆ ಕನ್ನಡಕವೂ ಬೇಡ, ಕಾಸೂ ಬೇಡ.