ಕೊಟ್ಟಿಗೆ ಕೆಲಸ ಮತ್ತು ಬಸುರಿ ತಾಯಿ



ಬೆಳಗಿನ ಹಾಲು ಕರೆದು, ಡೈರಿಗೆ ಹಾಕಿ, ಮನೆ ಕೆಲಸ ಮುಗಿಸಿ ಬಂದಿದ್ದೀರಿ. ನಮ್ಮ ಯಲಹಂಕ, ಹೆಬ್ಬಾಳದ ಕಡೆ ಈಗ ಎಲ್ಲಿ ನೋಡಿದರೂ ದೊಡ್ಡ ದೊಡ್ಡ ಕಟ್ಟಡ. ಆದರೂ ಎರಡು ಸೀಮೆ ಹಸು ಕಟ್ಟಿಕೊಂಡು ಸಂಸಾರ ನಡೆಸುವ ಮನೆಗಳು ಇವೆ. ಆ ಮನೆಗಳಲ್ಲಿ ಸಗಣಿ ಬಾಚುವವರು ಯಾರು? ಹಾಲು ಕರೆಯುವವರು ಯಾರು? ಹಸು ಕರು ಹಾಕುವಾಗ ರಾತ್ರಿಯೆಲ್ಲ ಕಾಯುವವರು ಯಾರು? ಹೆಚ್ಚಾಗಿ ಹೆಂಗಸರೇ. ಅದಕ್ಕೇ ಈ ಮಾತು ನಿಮಗೆ ಹೇಳಬೇಕು.

ಬಸುರಿ ಹೆಣ್ಣುಮಗಳು ಹೀಗೆ ಕೇಳಬಹುದು: “ಅಕ್ಕಾ, ನನಗೆ ಎರಡು ತಿಂಗಳು. ನಮ್ಮ ಹಸು ಕಂದು ಹಾಕ್ತು. ಅದನ್ನ ನಾನೇ ಎತ್ತಿ ತಿಪ್ಪೆಗೆ ಹಾಕಿದೆ. ನನ್ನ ಮಗೂಗೆ ಏನಾದ್ರೂ ಆಗುತ್ತಾ?”

ಈ ಭಯ ಸುಳ್ಳಲ್ಲ. ಆದರೆ ಬರೀ ಭಯಪಟ್ಟರೆ ಸಾಲದು. ವಿಷಯ ತಿಳಿದುಕೊಳ್ಳೋಣ.

ಕಂದು ರೋಗ ಎಂದರೇನು?

ಗಬ್ಬದ ಹಸು ಐದು ತಿಂಗಳು ದಾಟಿದ ಮೇಲೆ ಕಂದು ಹಾಕಿದರೆ ದೃಷ್ಟಿ ತಾಕಿತು ಅಂತೀವಿ. ದೃಷ್ಟಿ ಅಲ್ಲ. ಅದಕ್ಕೆ ಹಲವು ಕಾರಣ ಇರಬಹುದು. ಒಂದು ಮುಖ್ಯ ಕಾರಣ ಕಂದು ರೋಗ. ಬ್ರುಸೆಲ್ಲಾ ಎಂಬ ರೋಗಾಣುವಿನಿಂದ ಇದು ಬರುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ರೋಗಾಣು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯರು ಮಾಲ್ಟಾ ದ್ವೀಪದಲ್ಲಿ ಇದನ್ನು ಕಂಡುಹಿಡಿದರು. ಹಸು, ಎಮ್ಮೆ, ಕುರಿ, ಮೇಕೆ ಎಲ್ಲಕ್ಕೂ ಈ ಜಾತಿಯ ರೋಗ ಬರುತ್ತದೆ.

ಒಂದು ಸಲ ಕಂದು ಹಾಕಿದ ಹಸು ಮುಂದಿನ ಸಲ ಚೆನ್ನಾಗಿಯೇ ಕರು ಹಾಕಬಹುದು. ನೋಡಲು ಗಟ್ಟಿಮುಟ್ಟಾಗಿ ಇರಬಹುದು. ಆದರೂ ಅದರ ಹಾಲಿನಲ್ಲಿ, ಕರು ಹಾಕುವಾಗ ಬರುವ ನೀರಿನಲ್ಲಿ ರೋಗಾಣು ಇರಬಹುದು. ಕಂದು ಹಾಕಿದ ಕರು, ಮಾಸು ಇವುಗಳಲ್ಲಂತೂ ರೋಗಾಣು ತುಂಬಿರುತ್ತದೆ.

ನಮಗೆ ಹೇಗೆ ಬರುತ್ತದೆ?

ಬರಿಗೈಲಿ ಮಾಸು ಎತ್ತಿದರೆ ಕೈಯ ಗಾಯದಿಂದ ಒಳಗೆ ಹೋಗುತ್ತದೆ. ನೀರು ಸಿಡಿದರೆ ಕಣ್ಣಿನಿಂದ ಹೋಗುತ್ತದೆ. ಉಸಿರಿನಿಂದಲೂ ಹೋಗುತ್ತದೆ. ಕಾಯಿಸದ ಹಾಲು ಕುಡಿದರೆ ಹೊಟ್ಟೆಗೆ ಹೋಗುತ್ತದೆ. ನೊರೆಹಾಲು ಬಸುರಿಗೆ ಒಳ್ಳೇದು ಅಂತಾರೆ. ಅದನ್ನು ನಂಬಬೇಡಿ.

ರೋಗ ಬಂದವರಿಗೆ ಜ್ವರ ಬಂದು ಹೋಗುತ್ತಾ ಇರುತ್ತದೆ. ರಾತ್ರಿ ಬೆವರು. ಕೀಲು ನೋವು, ಸೊಂಟ ನೋವು, ಸುಸ್ತು. ಬಸುರಿಗೆ ಈ ರೋಗ ಬಂದು ಔಷಧಿ ಸಿಗದಿದ್ದರೆ ಗರ್ಭ ಇಳಿಯುವ ಸಂಭವ ಹೆಚ್ಚು. ಆಗ ಮನೆಯವರು ಯಾರನ್ನು ದೂರುತ್ತಾರೆ? ಸೊಸೆಯನ್ನು! ಅವಳ ಕಾಲ್ಗುಣ ಅಂತಾರೆ. ತಪ್ಪು ಅವಳದಲ್ಲ. ರೋಗಾಣುವಿನದು.

ಮೊದಲ ಮೂರು ತಿಂಗಳು

ನಮ್ಮಲ್ಲಿ ಒಂದು ಪದ್ಧತಿ ಇದೆ. ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಹೇಳಬಾರದು. ಊರಿಗೆ ಹೇಳಬೇಡಿ, ಪರವಾಗಿಲ್ಲ. ಆದರೆ ಗಂಡನಿಗೆ ಹೇಳಿ, ಅತ್ತೆಗೆ ಹೇಳಿ, ಆಶಾ ಅಕ್ಕನಿಗೆ ಹೇಳಿ. ಹೇಳದಿದ್ದರೆ ಎಲ್ಲ ಕೆಲಸವೂ ನಿಮ್ಮ ಮೇಲೆಯೇ ಬೀಳುತ್ತದೆ. ಮಾಸು ಎತ್ತುವ ಕೆಲಸವೂ ಬೀಳುತ್ತದೆ.

ಹಾಗಂತ ಹಸುವನ್ನೇ ಮಾರಿಬಿಡಬೇಕೆ? ಬೇಡ. ಆರೋಗ್ಯವಾಗಿರುವ ಹಸುವಿಗೆ ಬಸುರಿ ಹುಲ್ಲು ಹಾಕಬಹುದು, ನೀರು ಕುಡಿಸಬಹುದು. ಕೆಲಸ ಆದ ಮೇಲೆ ಸೋಪು ಹಚ್ಚಿ ಕೈ ತೊಳೆದರೆ ಆಯಿತು. ಚೆನ್ನಾಗಿ ಕಾಯಿಸಿದ ಹಾಲು ಧಾರಾಳವಾಗಿ ಕುಡಿಯಬಹುದು. ಬಸುರಿಗೆ ಹಾಲು ಬೇಕೇ ಬೇಕು.

ಈ ಮಾತು ನೆನಪಿಡಿ

1. ಹಸು, ಕುರಿ, ಮೇಕೆ ಈಯುವಾಗ ಬಸುರಿ ಹತ್ತಿರ ಹೋಗಬಾರದು. ಆ ಕೆಲಸ ಮನೆಯ ಬೇರೆಯವರು ಮಾಡಲಿ.

2. ಹಸು ಕಂದು ಹಾಕಿದರೆ ಪಶು ಆಸ್ಪತ್ರೆಗೆ ತಿಳಿಸಿ. ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿಯ ತನಕ ಆ ಹಸುವನ್ನು ಬೇರೆ ಕಟ್ಟಿ.

3. ಕಂದು, ಮಾಸು ತಿಪ್ಪೆಗೆ ಎಸೆಯಬೇಡಿ. ನಾಯಿ ಎಳೆದಾಡುತ್ತದೆ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು. ಎತ್ತುವವರು ಕೈಗೆ ಕವಚ ಹಾಕಿ, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

4. ಹಾಲು ಉಕ್ಕಿ ಬರುವ ತನಕ ಕಾಯಿಸಿ. ಮಕ್ಕಳಿಗೂ ಹಸಿ ಹಾಲು ಕೊಡಬೇಡಿ.

5. ಕಂದು ಹಾಕಿದ ಹಸುವನ್ನು ಗುಟ್ಟಾಗಿ ಮಾರಬೇಡಿ. ಕೊಂಡವರ ಮನೆಯಲ್ಲೂ ಒಬ್ಬ ಬಸುರಿ ಇರಬಹುದು.

ಈಗಾಗಲೇ ಮುಟ್ಟಿದ್ದರೆ?

ಮುಟ್ಟಿದವರಿಗೆಲ್ಲ ರೋಗ ಬರುವುದಿಲ್ಲ. ಆದರೂ ಆಸ್ಪತ್ರೆಗೆ ಹೋಗಿ. ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ. ಡಾಕ್ಟರ ಹತ್ತಿರ ಎರಡು ಮಾತು ಮರೆಯದೆ ಹೇಳಿ. ಒಂದು, “ನಾನು ಬಸುರಿ.” ಇನ್ನೊಂದು, “ನಮ್ಮ ಹಸು ಕಂದು ಹಾಕಿದೆ, ನಾನು ಮುಟ್ಟಿದೆ.” ಹಸುವಿನ ಮಾತು ಹೇಳದಿದ್ದರೆ ಟೈಫಾಯ್ಡ್ ಜ್ವರ ಅಂದುಕೊಳ್ಳಬಹುದು. ಜ್ವರ ಕೆಲವು ವಾರ ಆದ ಮೇಲೂ ಬರಬಹುದು. ರಕ್ತ ಪರೀಕ್ಷೆಯಲ್ಲಿ ರೋಗ ಗೊತ್ತಾಗುತ್ತದೆ. ಇದಕ್ಕೆ ಔಷಧಿ ಇದೆ. ವಾರಗಟ್ಟಲೆ ನುಂಗಬೇಕು, ಮಧ್ಯದಲ್ಲಿ ಬಿಡಬಾರದು. ಬಸುರಿಯರಿಗೆ ಕೊಡುವ ಮಾತ್ರೆ ಬೇರೆ. ಆದ್ದರಿಂದ ಅಂಗಡಿಯಿಂದ ನೀವೇ ಮಾತ್ರೆ ತಂದು ನುಂಗಬೇಡಿ.

ಕರುವಿಗೆ ಲಸಿಕೆ

ಹಸುವಿಗೆ ಈ ರೋಗ ಬರದಂತೆ ಲಸಿಕೆ ಇದೆ. ಹೆಣ್ಣು ಕರುವಿಗೆ 4ರಿಂದ 8 ತಿಂಗಳ ಒಳಗೆ ಹಾಕಿಸಬೇಕು. ಒಂದೇ ಸಲ ಸಾಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದನ್ನು ಸರ್ಕಾರವೇ ಹಾಕಿಸುತ್ತದೆ. ಸೂಜಿ ಹಾಕುವಾಗ ಕರು ಹಿಡಿಯಲು ಬಸುರಿ ಹೋಗಬಾರದು. ಆ ಲಸಿಕೆ ಮನುಷ್ಯರಿಗೆ ತಾಗಬಾರದು.

ಲಸಿಕೆಯಿಂದ ರೋಗ ಹೋಗುತ್ತದೆಯೇ? ಹೋಗುತ್ತದೆ. ಹಿಂದೆ ದೊಡ್ಡರೋಗ ಬಂದರೆ ಊರಿನ ದನವೆಲ್ಲ ಸಾಯುತ್ತಿದ್ದವು. ಲಸಿಕೆ ಹಾಕಿ ಹಾಕಿ 2011ರಲ್ಲಿ ಇಡೀ ಲೋಕದಿಂದಲೇ ಅದನ್ನು ಓಡಿಸಿದರು. ನಮ್ಮ ಹೆಬ್ಬಾಳದಲ್ಲಿ ಪಶು ವೈದ್ಯಕೀಯ ಕಾಲೇಜು ಇದೆ. ಯಲಹಂಕದ ರಾಮಗೊಂಡನಹಳ್ಳಿಯಲ್ಲಿ ದನಗಳ ರೋಗದ ಬಗ್ಗೆ ಸಂಶೋಧನೆ ಮಾಡುವ ರಾಷ್ಟ್ರೀಯ ಸಂಸ್ಥೆ ಇದೆ. ಇಷ್ಟು ಹತ್ತಿರ ತಿಳಿದವರು ಇರುವಾಗ ನಾವು ಕೇಳದೆ ಇರಬಾರದು.

ಅಕ್ಕಂದಿರೇ, ಈಗ ನಿಮಗೆ ಓದು ಬಂದಿದೆ. ಈ ಪಾಠವನ್ನು ಇವತ್ತು ರಾತ್ರಿ ಮನೆಯಲ್ಲಿ ಗಟ್ಟಿಯಾಗಿ ಓದಿ. ಗಂಡ ಕೇಳಲಿ, ಅತ್ತೆ ಮಾವ ಕೇಳಲಿ. ಹಸುವೂ ಉಳಿಯಲಿ, ಮಗುವೂ ಉಳಿಯಲಿ.

ಮಾತನಾಡಿಕೊಳ್ಳಿ

1. ನಿಮ್ಮ ಮನೆಯಲ್ಲಿ ಹಸು ಈದಾಗ ಮಾಸು ಎತ್ತುವವರು ಯಾರು?
2. ಬಸುರಿಯ ಕೊಟ್ಟಿಗೆ ಕೆಲಸವನ್ನು ಯಾರು ಹಂಚಿಕೊಳ್ಳಬಹುದು?
3. ನಿಮ್ಮ ಹೆಣ್ಣು ಕರುವಿಗೆ ಎಷ್ಟು ತಿಂಗಳಾಯಿತು? ಲಸಿಕೆ ಹಾಕಿಸಿದ್ದೀರಾ?