ಮಣ್ಣಿಲ್ಲದೆ ಸ್ಟ್ರಾಬೆರಿ: ಮೊದಲು ಉಪ್ಪಿನ ಲೆಕ್ಕ
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಮಣ್ಣಿಲ್ಲದೆ ಸ್ಟ್ರಾಬೆರಿ ಬೆಳೆಯಬಹುದೇ ಎಂದು ಅನೇಕರು ಕೇಳುತ್ತಾರೆ. ಬೆಳೆಯಬಹುದು. ಆದರೆ ಪಾಲಿಮನೆ, ಚೀಲ, ಹನಿ ಕೊಳವೆ ಇವುಗಳಿಗೆ ಸಾಲ ತೆಗೆಯುವ ಮುನ್ನ ತಿಳಿದಿರಬೇಕಾದ ಸಂಗತಿ ಒಂದಿದೆ. ಇಂದಿನ ನನ್ನ ಮಾತು ಬಹುಪಾಲು ಅದನ್ನು ಕುರಿತದ್ದೇ.

ಸ್ಟ್ರಾಬೆರಿಯನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬೆಳೆದರೆ ಬೇರು ಕೊಳೆ, ಬುಡ ಕೊಳೆ, ಸೊರಗು ರೋಗಗಳ ಶಿಲೀಂಧ್ರಗಳು ಮಣ್ಣಿನಲ್ಲಿ ಬೀಡುಬಿಡುತ್ತವೆ. ಹೊರದೇಶಗಳಲ್ಲಿ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿ ಇವುಗಳನ್ನು ಕೊಲ್ಲುತ್ತಿದ್ದರು. ಅದು ಓಜೋನ್ ಪದರಕ್ಕೆ ಹಾನಿಕರವಾದ ಕಾರಣ, 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಮುಂದುವರಿದ ದೇಶಗಳು ಕೆಲವು ವಿನಾಯಿತಿಗಳನ್ನು ಬಿಟ್ಟು 2005ರ ವೇಳೆಗೆ ಅದರ ಬಳಕೆ ನಿಲ್ಲಿಸಬೇಕಾಯಿತು. ಹಾಲೆಂಡ್, ಬೆಲ್ಜಿಯಂ ದೇಶಗಳ ಬೆಳೆಗಾರರು ಪೀಟ್ ತುಂಬಿದ ಚೀಲಗಳನ್ನು ಅಟ್ಟಣೆಯ ಮೇಲಿಟ್ಟು ಬೆಳೆಯುತ್ತಾರೆ. ಹಣ್ಣು ಕೀಳುವವರು ಬೆನ್ನು ಬಗ್ಗಿಸಬೇಕಾಗಿಲ್ಲ. ಈಗ ಪೀಟಿನ ಬದಲು ನಮ್ಮ ತೆಂಗಿನ ನಾರಿನ ಪುಡಿಯೂ ಅಲ್ಲಿಗೆ ಹೋಗುತ್ತಿದೆ.

ರೋಗವಿಲ್ಲದ, ನೀರು ಬಸಿಯುವ ಕೆಂಪು ಮಣ್ಣು ಇರುವವರಿಗೆ ಈ ಖರ್ಚು ಅನಾವಶ್ಯಕವೆಂದೇ ನನ್ನ ಅಭಿಪ್ರಾಯ. ಮಹಾಬಳೇಶ್ವರದ ಹೆಸರಾಂತ ಹಣ್ಣು ಏರುಮಡಿಗಳ ಮೇಲೆ ಮಣ್ಣಿನಲ್ಲೇ ಬೆಳೆದದ್ದು. ಮಣ್ಣು ಬಿಟ್ಟ ಮಾತ್ರಕ್ಕೆ ಹವೆಯೂ ಬದಲಾಗದು. ನಮ್ಮಲ್ಲಿ ಬೆಳೆಯುವ ತಳಿಗಳಿಗೆ ಹೂ ಕಟ್ಟಲು ಕಿರುಹಗಲು ಮತ್ತು ತಂಪು ಬೇಕು.

ಇನ್ನು ಉಪ್ಪಿನ ವಿಚಾರ. ಉಪ್ಪನ್ನು ಸ್ಟ್ರಾಬೆರಿಯಷ್ಟು ತಾಳಲಾರದ ಬೆಳೆಗಳು ಕಡಿಮೆ. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 1 ಡೆಸಿಸೈಮನ್ ದಾಟಿದೊಡನೆ ಇಳುವರಿ ಇಳಿಯತೊಡಗಿ, ಮುಂದಿನ ಪ್ರತಿಯೊಂದು ಅಂಶಕ್ಕೆ ಶೇಕಡ 33ರಷ್ಟು ಕಡಿಮೆಯಾಗುತ್ತದೆಂದು 1977ರಲ್ಲಿ ಮಾಸ್ ಮತ್ತು ಹಾಫ್‌ಮನ್ ಎಂಬ ವಿಜ್ಞಾನಿಗಳು ತಿಳಿಸಿದರು. ವಾಹಕತೆ ಎಂದರೆ ನೀರಿನಲ್ಲಿ ಕರಗಿದ ಲವಣದ ಅಳತೆ ಎಂದಿಟ್ಟುಕೊಳ್ಳಿ. ನಾವು ಹಾಕುವ ಗೊಬ್ಬರವೂ ಲವಣವೇ. ಗಿಡಕ್ಕೆ ಕೊಡುವ ಪೋಷಕ ದ್ರಾವಣವನ್ನು ನಮ್ಮ ಹವೆಯಲ್ಲಿ 1.0ರಿಂದ 1.4ರ ಒಳಗೆ ಇಡುವುದು ಲೇಸು. ಕೊಳವೆಬಾವಿಯ ನೀರೇ 1.0 ಇದ್ದರೆ ಗೊಬ್ಬರಕ್ಕೆ ಜಾಗವೆಲ್ಲಿ? ಅಂಥವರು ಪಾಲಿಮನೆಯ ಚಾವಣಿಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಬೆರೆಸಿಕೊಳ್ಳಬೇಕು. ಆಗದಿದ್ದಲ್ಲಿ ಈ ಬೆಳೆಯನ್ನೇ ಬಿಡಬೇಕು.

ಎರಡನೆಯ ಉಪ್ಪು ನಾರಿನ ಪುಡಿಯಲ್ಲಿದೆ. ತಿಪಟೂರು, ಅರಸೀಕೆರೆ ಕಡೆ ಇದು ನಮಗೆ ಸುಲಭವಾಗಿ ದೊರೆಯುವ ವಸ್ತು. ಆದರೆ ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಷ್ ಮತ್ತು ಸೋಡಿಯಂ ಸಹಜವಾಗಿಯೇ ಹೆಚ್ಚು. ಬರಿಯ ನೀರಿನಲ್ಲಿ ತೊಳೆದರೆ ಬಿಡಿಯಾಗಿರುವ ಉಪ್ಪು ಹೋಗುತ್ತದೆ. ಪುಡಿಯ ಕಣಗಳಿಗೆ ಅಂಟಿದ್ದು ಉಳಿಯುತ್ತದೆ. ನಾವು ಸುಣ್ಣದಂಶ ಕೊಟ್ಟಾಗ ಪುಡಿ ಅದನ್ನು ತಾನು ಹಿಡಿದು ಪೊಟ್ಯಾಷ್, ಸೋಡಿಯಂಗಳನ್ನು ಹೊರಬಿಡುತ್ತದೆ. ಗಿಡಕ್ಕೆ ಸುಣ್ಣ ಸಿಗದೆ ಎಳೆಯ ಎಲೆಗಳ ತುದಿ ಸುಡುತ್ತದೆ. ರೋಗವೆಂದು ತಿಳಿದು ಔಷಧಿ ಹೊಡೆದರೆ ಹಣ ದಂಡ.

ಆದುದರಿಂದ ಪುಡಿಯನ್ನು ಮೊದಲು ಒಳ್ಳೆಯ ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ಒಂದು ದಿನ ನೆನೆಹಾಕಿ, ಬಸಿದು, ಮತ್ತೊಮ್ಮೆ ತೊಳೆಯಬೇಕು. ದ್ರಾವಣದ ಪ್ರಮಾಣವನ್ನು ಪುಡಿಯ ಪರೀಕ್ಷೆಯ ಮೇಲೆ ನಿರ್ಧರಿಸುವುದು ಸರಿ. ಬಳಿಕ ಒಂದು ಲೋಟ ಒದ್ದೆ ಪುಡಿಗೆ ಒಂದೂವರೆ ಲೋಟ ಬಟ್ಟಿ ಇಳಿಸಿದ ನೀರು, ಅಂದರೆ ಬ್ಯಾಟರಿಗೆ ಹಾಕುವ ನೀರು, ಬೆರೆಸಿ ಸೋಸಿ ಮೀಟರಿನಿಂದ ಅಳೆಯಿರಿ. 0.5ಕ್ಕಿಂತ ಕಡಿಮೆ ಬರುವವರೆಗೆ ಚೀಲಕ್ಕೆ ತುಂಬಬೇಡಿ. ತೊಳೆದದ್ದೆಂದು ಅಂಗಡಿಯವರು ಹೇಳಿದರೂ ಅಳೆದೇ ಕೊಳ್ಳಿ.

ಗಿಡವೊಂದಕ್ಕೆ ಎರಡೂವರೆ ಲೀಟರ್ ಪುಡಿ ಸಾಕು. 5 ಕಿಲೋ ಇಟ್ಟಿಗೆ ಉಬ್ಬಿ ಸುಮಾರು 70 ಲೀಟರ್ ಆಗುವುದರಿಂದ ಸಾವಿರ ಗಿಡಕ್ಕೆ 36 ಇಟ್ಟಿಗೆ ಬೇಕು. ಚೀಲದ ಹೊರಮೈ ಬಿಳಿಯಿರಲಿ. ಕಪ್ಪು ಚೀಲದಲ್ಲಿ ಬೇರು ಬೇಯುತ್ತದೆ. ಸಸಿಯ ಸುಳಿ ಹೂತುಹೋಗದಂತೆ ನೆಡಬೇಕು. ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್, ಫಾಸ್ಫೇಟ್ ಗೊಬ್ಬರಗಳ ಜೊತೆ ಒಂದೇ ಡ್ರಮ್ಮಿನಲ್ಲಿ ಗಟ್ಟಿಯಾಗಿ ಕಲಸಕೂಡದು; ಗಸಿ ಕೂತು ಹನಿ ಕೊಳವೆ ಕಟ್ಟಿಕೊಳ್ಳುತ್ತದೆ. ರಸಸಾರ 5.5ರಿಂದ 6.5 ಇರಲಿ.

ನೀರನ್ನು ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಿ. ಕೊಟ್ಟದ್ದರಲ್ಲಿ ಶೇಕಡ 20ರಿಂದ 30 ಭಾಗ ಚೀಲದ ಕೆಳಗೆ ಬಸಿದು ಬರಬೇಕು. ಬಸಿದ ನೀರನ್ನು ಚೆಲ್ಲುವ ಮೊದಲು ಅಳೆಯಿರಿ. ಅದರ ವಾಹಕತೆ ಕೊಟ್ಟ ದ್ರಾವಣಕ್ಕಿಂತ ದಿನೇ ದಿನೇ ಏರುತ್ತಿದ್ದರೆ ಚೀಲದಲ್ಲಿ ಉಪ್ಪು ಕೂಡುತ್ತಿದೆ ಎಂದರ್ಥ. ಆಗ ಗೊಬ್ಬರ ತಗ್ಗಿಸಿ ನೀರು ಹೆಚ್ಚಿಸಬೇಕು.

ಬರಿಯ ನೀರು ಹರಿಯುವ ಕೊಳವೆಗಳಲ್ಲಿ ಬೆಳೆಯುವ ಪದ್ಧತಿಯನ್ನು ನಮ್ಮ ಹಳ್ಳಿಗಳಿಗೆ ನಾನು ಹೇಳುವುದಿಲ್ಲ. ವಿದ್ಯುತ್ ಹೋಗಿ ಪಂಪು ನಿಂತರೆ ಬಿಸಿಲಿನಲ್ಲಿ ಬೇರು ಬೇಗನೆ ಒಣಗುತ್ತದೆ. ನಾರಿನ ಪುಡಿ ಕೆಲವು ತಾಸಾದರೂ ತೇವ ಹಿಡಿದಿರುತ್ತದೆ.

ನಾಟಿ ಮಾಡುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಸಸಿಗೆ ಮುಂಗಡ ಕೊಡುವ ಮೊದಲೇ, ಅರ್ಧ ಗಂಟೆ ಪಂಪು ಓಡಿಸಿದ ಮೇಲೆ ಬಂದ ಒಂದು ಲೀಟರ್ ನೀರನ್ನು ಶುಭ್ರವಾದ ಸೀಸೆಯಲ್ಲಿ ತುಂಬಿ ಹತ್ತಿರದ ಮಣ್ಣು ಮತ್ತು ನೀರು ಪರೀಕ್ಷಾ ಕೇಂದ್ರಕ್ಕೆ ಕೊಟ್ಟುಬನ್ನಿ.