ಕಳವಳಕ್ಕೆ ಗಿಡಮೂಲಿಕೆ



ಕಾರಣವಿಲ್ಲದೆ ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಬಾಯಿ ಒಣಗುವುದು, ಇನ್ನೇನೋ ಕೇಡು ಬಂದೇಬರುವುದೆಂಬ ಶಂಕೆಯಿಂದ ನಡುರಾತ್ರಿಯಲ್ಲಿ ಎಚ್ಚರವಾಗುವುದು, ಇವುಗಳಲ್ಲಿ ಒಂದನ್ನಾದರೂ ಅನುಭವಿಸದವರು ವಿರಳ. ಕತ್ತಲಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿದಾಗ ಶರೀರವು ಓಡುವುದಕ್ಕೆ ಮಾಡಿಕೊಳ್ಳತಕ್ಕ ಸನ್ನಾಹವೇ ಇದು. ದೀಪ ತಂದು ನೋಡಿದ ಮೇಲೂ, ವಾರಗಟ್ಟಲೆ ತಿಂಗಳುಗಟ್ಟಲೆ ಈ ಸನ್ನಾಹವು ಅಡಗದಿದ್ದರೆ ಅದನ್ನು ಕಳವಳದ ವ್ಯಾಧಿಯೆನ್ನಬೇಕಾಗುತ್ತದೆ. ನಗರವಾಸಿಗಳಾದ ನಾವು ಇದನ್ನು ನೆಂಟರಿಷ್ಟರಿಂದ ಮುಚ್ಚಿಡುತ್ತೇವೆ. ಹುಚ್ಚೆಂದಾರು ಎಂಬ ಅಂಜಿಕೆ. ಹೀಗೆ ಮುಚ್ಚಿಟ್ಟವರು ವೈದ್ಯರಲ್ಲಿಗೆ ಹೋಗುವುದಕ್ಕೆ ಮೊದಲು ಗ್ರಂಧಿಗೆ ಅಂಗಡಿಗೆ ಹೋಗುವುದುಂಟು. ಬೇರು ನಾರು ತಾನೆ, ಗುಣವಾಗದಿದ್ದರೂ ಕೇಡಂತೂ ಇಲ್ಲವೆಂಬುದು ಅವರ ಸಮಾಧಾನ. ಈ ಸಮಾಧಾನವನ್ನೇ ಇಂದು ಸ್ವಲ್ಪ ಪರೀಕ್ಷಿಸಿ ನೋಡಬೇಕೆಂದು ನಮ್ಮ ಉದ್ದೇಶ.

ಸರ್ಪಗಂಧಿಯ ಚರಿತ್ರೆಯಿಂದ ಆರಂಭಿಸುವುದು ಮೇಲು. ನೆರಳಿನ ಕಾಡುಗಳಲ್ಲಿ ಬೆಳೆಯತಕ್ಕ ಈ ಸಣ್ಣ ಗಿಡವು ಹಿಮಾಲಯದ ತಪ್ಪಲಿನಲ್ಲಿಯೂ ನಮ್ಮ ಪಶ್ಚಿಮಘಟ್ಟದಲ್ಲಿಯೂ ಉಂಟು. ಕನ್ನಡದಲ್ಲಿ ಸೂತ್ರನಾಭಿಯೆಂಬುದು ಇದರ ಇನ್ನೊಂದು ಹೆಸರು. ಬಿಹಾರದ ಕಡೆಯ ಜನರು ಇದರ ಬೇರನ್ನು ‘ಪಾಗಲ್ ಕೀ ದವಾ’, ಎಂದರೆ ಹುಚ್ಚಿನ ಮದ್ದು, ಎಂದೇ ಕರೆಯುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬುವರು ಈ ಬೇರು ಉನ್ಮಾದವನ್ನೂ ರಕ್ತದ ಒತ್ತಡವನ್ನೂ ತಗ್ಗಿಸುತ್ತದೆಂದು ಪ್ರಕಟಿಸಿದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ಬೇರಿನೊಳಗಿನ ಸತ್ತ್ವಗಳನ್ನು ಬೇರ್ಪಡಿಸಿ, ಅವುಗಳಲ್ಲೊಂದಕ್ಕೆ ಹಕೀಮ್ ಅಜ್ಮಲ್ ಖಾನರ ಸ್ಮರಣಾರ್ಥವಾಗಿ ಅಜ್ಮಲೀನ್ ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ವಕೀಲರು ತಮ್ಮ ರೋಗಿಗಳ ರಕ್ತದೊತ್ತಡದ ಮೇಲೆ ಇದರಿಂದಾದ ಪರಿಣಾಮವನ್ನು ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ವಿವರಿಸಿದ ಮೇಲೆ ಪಾಶ್ಚಾತ್ಯರ ಕಣ್ಣು ಈ ಕಡೆ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ರಸಾಯನಜ್ಞರು ರೆಸರ್ಪೀನ್ ಎಂಬ ಮುಖ್ಯ ಸತ್ತ್ವವನ್ನು ಪ್ರತ್ಯೇಕಿಸಿದರು. ಎರಡು ವರ್ಷಗಳೊಳಗಾಗಿ ಅಮೆರಿಕದ ಮಾನಸಿಕ ಆಸ್ಪತ್ರೆಗಳಲ್ಲಿ ಉದ್ರಿಕ್ತರಾದ ರೋಗಿಗಳು ಇದರಿಂದ ಶಾಂತರಾಗುತ್ತಿದ್ದರು. ಹಳ್ಳಿಯವರು ಬಲ್ಲ ಬೇರೊಂದು ಲೋಕದ ಮಾನಸವೈದ್ಯಕ್ಕೇ ಹೊಸ ದಾರಿಯನ್ನು ತೋರಿಸಿತೆಂಬುದು ನಾವು ಹೆಮ್ಮೆಪಡತಕ್ಕ ವಿಷಯವೇ ಸರಿ.

ಆದರೆ ಕಥೆಯ ಉತ್ತರಾರ್ಧವನ್ನು ಹೇಳುವವರು ಕಡಮೆ. ರೆಸರ್ಪೀನ್ ಕೆಲಸಮಾಡುವ ಬಗೆಯನ್ನು ನೋಡಿ. ನಮ್ಮ ನರಗಳ ತುದಿಯಲ್ಲಿ ಸಂದೇಶವಾಹಕಗಳಾದ ಕೆಲವು ದ್ರವ್ಯಗಳು ಸಣ್ಣ ಸಣ್ಣ ಚೀಲಗಳಲ್ಲಿ ಶೇಖರವಾಗಿರುತ್ತವೆ. ಈ ಮದ್ದು ಆ ಶೇಖರಣೆಯನ್ನು ತಡೆದು ಕಣಜವನ್ನೇ ಬರಿದುಮಾಡುತ್ತದೆ. ಉದ್ರೇಕ ಇಳಿಯುವುದು ಇದರಿಂದ. ಇದರಿಂದಲೇ ಮೂಗು ಕಟ್ಟುವುದು, ರಕ್ತದೊತ್ತಡ ಮಿತಿಮೀರಿ ಕುಸಿಯುವುದು ಸಹ. ಕೆಲವರಲ್ಲಿ ಗಾಢವಾದ ವಿಷಾದವೂ ಕಾಣಿಸಿಕೊಂಡಿತೆಂದು 1950ರ ದಶಕದಲ್ಲಿಯೇ ವೈದ್ಯರು ವರದಿಮಾಡಿದರು. ಕಳವಳವನ್ನು ಕಳೆಯಹೋದವನು ಕತ್ತಲೆಯ ಕೂಪಕ್ಕೆ ಬಿದ್ದಂತೆ! ಸೌಮ್ಯವಾದ ಮದ್ದುಗಳು ಬಂದ ಮೇಲೆ ಮಾನಸಿಕ ಚಿಕಿತ್ಸೆಯಲ್ಲಿ ಇದರ ಬಳಕೆ ಬಹುಮಟ್ಟಿಗೆ ನಿಂತಿತು. ಇತ್ತ ಬೇರಿಗೋಸ್ಕರ ಗಿಡವನ್ನೇ ಕಿತ್ತು ಕಿತ್ತು ಕಾಡು ಬರಿದಾಗಿ, 1990ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವನ್ನು ಹಾಕಬೇಕಾಯಿತು. ಅಂಗಡಿಯಿಂದ ಸರ್ಪಗಂಧಿಯ ಪುಡಿಯನ್ನು ತಂದು ಚಮಚದಲ್ಲಿ ಅಳೆದು ಸೇವಿಸುವವರು ಈ ಉತ್ತರಾರ್ಧವನ್ನೂ ಬಲ್ಲವರಾಗಿರಬೇಕು.

ಈ ದಿನಗಳಲ್ಲಿ ಎಲ್ಲೆಲ್ಲಿಯೂ ಹೆಸರು ಕೇಳಿಬರುವುದು ಅಶ್ವಗಂಧದ್ದು. ನಮ್ಮ ಹಿರಿಯರು ಹಿರೇಮದ್ದೆಂದು ಕರೆದದ್ದು ಇದನ್ನೇ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಪ್ರಾಂತದಲ್ಲಿ ಇದರ ಬೆಳೆ ವಿಶೇಷ. 2012ರಲ್ಲಿ ನಮ್ಮ ದೇಶದಲ್ಲಿಯೇ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಮನಸ್ಸಿನ ಒತ್ತಡದಿಂದ ಬಳಲುತ್ತಿದ್ದ 64 ಜನರಲ್ಲಿ ಕೆಲವರಿಗೆ ಇದರ ಬೇರಿನ ಸಾರವನ್ನು 300 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ, 60 ದಿನ ಕೊಟ್ಟರು. ಉಳಿದವರಿಗೆ ಸತ್ತ್ವವಿಲ್ಲದ ಗುಳಿಗೆ. ಸಾರವನ್ನು ಸೇವಿಸಿದವರ ಒತ್ತಡವೇ ಹೆಚ್ಚಾಗಿ ಇಳಿಯಿತು. ಪರೀಕ್ಷೆ ಸಣ್ಣದು, ಅವಧಿಯೂ ಅಲ್ಪ, ಆದಾಗ್ಯೂ ತಳ್ಳಿಹಾಕತಕ್ಕದ್ದಲ್ಲ. ಬೇರಿನ ಗುಣವನ್ನು ಎಲೆಗೂ ಆರೋಪಿಸಬಾರದೆಂಬುದನ್ನು ಮಾತ್ರ ಮರೆಯಲಾಗದು. ಔಷಧಗಳಲ್ಲಿ ಇದರ ಎಲೆಯನ್ನು ಬಳಸಬಾರದೆಂದು 2021ರಲ್ಲಿ ಆಯುಷ್ ಸಚಿವಾಲಯವು ತಯಾರಕರಿಗೆ ತಿಳಿಯಪಡಿಸಿತು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಕುತ್ತಿಗೆಯಲ್ಲಿರುವ ಥೈರಾಯಿಡ್ ಗ್ರಂಥಿಯು ಮಿತಿಮೀರಿ ಸ್ರವಿಸತೊಡಗಿದರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ನಿದ್ರೆ ಹಾರಿಹೋಗುತ್ತದೆ, ಮನಸ್ಸು ತಳಮಳಿಸುತ್ತದೆ. ನೋಡುವವರಿಗೂ ಅನುಭವಿಸುವವರಿಗೂ ಅದು ಕೇವಲ ಕಳವಳವೆಂದೇ ತೋರುತ್ತದೆ. ಅಶ್ವಗಂಧವಾದರೋ ಈ ಗ್ರಂಥಿಯ ಸ್ರಾವವನ್ನು ಹೆಚ್ಚಿಸಬಲ್ಲುದು. ಅಂಥ ರೋಗಿಯು ತನಗಿರುವುದು ಬರಿಯ ಚಿಂತೆಯೆಂದು ತಿಳಿದು ಇದನ್ನು ಸೇವಿಸತೊಡಗಿದರೆ ಉರಿಯುವ ಒಲೆಗೆ ತಾನೇ ಸೌದೆಯನ್ನೊಡ್ಡಿದ ಹಾಗಾಯಿತು. ಒಂದು ರಕ್ತಪರೀಕ್ಷೆಯಿಂದ ತಿಳಿಯುವ ಸಂಗತಿಯಿದು! ಅಪರೂಪವಾಗಿ ಯಕೃತ್ತು ಕೆಟ್ಟ ಉದಾಹರಣೆಗಳೂ ಉಂಟು. ಗರ್ಭಿಣಿಯರಿಗಂತೂ ಸರ್ವಥಾ ಕೂಡದು. ಜಟಾಮಾಂಸಿ, ತಗರ ಮೊದಲಾದವನ್ನು ನಿದ್ರೆಗೋಸ್ಕರ ಬಳಸುವವರು, ಡಾಕ್ಟರು ಕೊಟ್ಟ ನಿದ್ರೆಯ ಗುಳಿಗೆಯ ಜೊತೆಗೆ ಅವನ್ನು ಸೇರಿಸಿದರೆ ಮಂಪರು ಇಮ್ಮಡಿಯಾದೀತೆಂಬುದನ್ನು ನೆನಪಿನಲ್ಲಿಡಲಿ.

ಇನ್ನು, ಕಾಸು ಖರ್ಚಿಲ್ಲದ ಎರಡು ಉಪಾಯಗಳುಂಟು. ಮೊದಲನೆಯದನ್ನು ಹೇಳಿದರೆ ಮೈಸೂರು ಸೀಮೆಯ ಶ್ರೋತೃಗಳು ನಮ್ಮ ಮೇಲೆ ಮುನಿದಾರು. ಅದು ಕಾಫಿಯ ವಿಚಾರ. ಕಾಫಿಯೂ ಒಂದು ಗಿಡಮೂಲಿಕೆಯೇ ಅಲ್ಲವೆ? ಅದರ ಕೆಫೀನು ಶರೀರದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ. ಸಂಜೆ ಐದಕ್ಕೆ ಕುಡಿದ ಲೋಟದ ಅರ್ಧಪಾಲು ರಾತ್ರಿ ಹತ್ತಕ್ಕೆ ಇನ್ನೂ ರಕ್ತದಲ್ಲಿ ಸಂಚರಿಸುತ್ತಿರುತ್ತದೆ. ಕಳವಳದ ಸ್ವಭಾವವುಳ್ಳವರಿಗೆ ಇದು ಎದೆಬಡಿತವನ್ನೂ ದಿಗಿಲನ್ನೂ ತಂದೊಡ್ಡಬಲ್ಲುದು. ಹೊಸ ಬೇರನ್ನು ಹುಡುಕುವ ಮುನ್ನ, ಮಧ್ಯಾಹ್ನದ ಮೇಲಿನ ಕಾಫಿಯನ್ನು ಎರಡು ವಾರ ಬಿಟ್ಟು ನೋಡಬಹುದು. ಒಮ್ಮೆಗೇ ಬಿಟ್ಟರೆ ತಲೆನೋವು ಬರುವುದುಂಟು. ಮೆಲ್ಲಮೆಲ್ಲನೆ ಬಿಡುವುದು ಲೇಸು.

ಎರಡನೆಯದು ಉಸಿರು. ದಿಗಿಲಾದಾಗ ಉಸಿರಾಟವು ಬಿರುಸಾಗಿ ರಕ್ತದ ಇಂಗಾಲಾಮ್ಲವು ಕಡಮೆಯಾಗುತ್ತದೆ. ಬೆರಳ ತುದಿ ಜುಮ್ಮೆನ್ನುವುದೂ ತಲೆ ತಿರುಗುವುದೂ ಅದರಿಂದಲೇ. ಪ್ರಾಣವೇ ಹೋಯಿತೆಂದು ಮನುಷ್ಯನು ಮತ್ತಷ್ಟು ಹೆದರುತ್ತಾನೆ. ಉಸಿರನ್ನು ಎಳೆದುಕೊಂಡುದಕ್ಕಿಂತ ನಿಧಾನವಾಗಿ ಬಿಡುತ್ತ, ನಿಮಿಷಕ್ಕೆ ಆರು ಉಸಿರಿನಂತೆ ಕೆಲವು ನಿಮಿಷ ಕುಳಿತರೆ ನಾಡಿಯು ತಗ್ಗುತ್ತ ಬರುವುದನ್ನು ಬೆರಳಿಟ್ಟೇ ನೋಡಬಹುದು.

ಇಷ್ಟಾದರೂ ತಗ್ಗದೆ, ಉದ್ಯೋಗಕ್ಕೂ ಊಟ ನಿದ್ರೆಗಳಿಗೂ ತೊಡಕಾದರೆ ವೈದ್ಯರನ್ನು ಕಾಣಲೇಬೇಕು. ಎದೆನೋವಿದ್ದರಂತೂ ಒಂದು ಗಳಿಗೆಯೂ ಕಾಯಕೂಡದು. ಸೇವಿಸುತ್ತಿರುವ ಪುಡಿ ಲೇಹ್ಯಗಳ ಡಬ್ಬಿಗಳನ್ನು ಜೊತೆಯಲ್ಲೇ ಕೊಂಡುಹೋಗಿ ತೋರಿಸುವುದು ಅಗತ್ಯ. ಮೂಲಿಕೆಯ ಮಾತನ್ನು ಡಾಕ್ಟರಿಗೆ ಹೇಳದಿರುವುದು ನಮ್ಮವರ ವಾಡಿಕೆ. ಬೆಂಗಳೂರಿನ ಹುಚ್ಚರ ಆಸ್ಪತ್ರೆಯೆಂಬ ಹೆಸರು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಬದಲಾಯಿತು. ಅದೇ ಬೆಳೆದು 1974ರಲ್ಲಿ ನಿಮ್ಹಾನ್ಸ್ ಆಯಿತು. ಹೆಸರು ಬದಲಾಗಿ ಇಷ್ಟು ಕಾಲವಾದರೂ ನಮ್ಮ ನಾಚಿಕೆ ಮಾತ್ರ ಅಲ್ಲಿಯೇ ನಿಂತಿದೆ. ಹೋಗಲು ಸಂಕೋಚಪಡುವವರು 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯವರೊಡನೆ ಉಚಿತವಾಗಿ ಮಾತನಾಡಬಹುದು.

ಕಡೆಯದಾಗಿ ಒಂದೆಲಗದ ಮಾತು. ಮಲೆನಾಡು, ಕರಾವಳಿಗಳ ಮನೆಯಂಗಳದ ಈ ಎಲೆಯನ್ನು ಅನೇಕರು ಬ್ರಾಹ್ಮಿಯೆನ್ನುತ್ತಾರೆ. ಜೌಗಿನಲ್ಲಿ ಬೆಳೆಯುವ, ಎಳಸಾದ ದಪ್ಪ ಎಲೆಯ ನೀರುಬ್ರಾಹ್ಮಿ ಬೇರೊಂದು ಗಿಡ. ಕೊಳ್ಳುವಾಗ ಯಾವುದೆಂದು ವಿಚಾರಿಸಿಯೇ ಕೊಳ್ಳಬೇಕು. ಕೆನಡದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, 40 ಜನರ ಪೈಕಿ ಒಂದೆಲಗವನ್ನು 12 ಗ್ರಾಂ ಸೇವಿಸಿದವರು ಹಠಾತ್ತಾದ ಸದ್ದಿಗೆ ಬೆಚ್ಚುವುದು ಕಡಮೆಯಾಯಿತು. ಆದರೆ ಅವರು ಆರೋಗ್ಯವಂತರು, ರೋಗಿಗಳಲ್ಲ. ಅಲ್ಲಿಂದ ರೋಗಿಗೆ ಗುಣವಾಗುವುದೆಂಬಲ್ಲಿಗೆ ಜಿಗಿಯಲಾಗದು. ಊಟದ ಪದಾರ್ಥವಾಗಿ ಮಾತ್ರ ನಾವು ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇವೆ. ಒಂದು ಹಿಡಿ ಎಲೆಯನ್ನೂ ಜೀರಿಗೆ ಮೆಣಸುಗಳನ್ನೂ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿಯೊಡನೆ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿ, ಸಾಸಿವೆಯ ಒಗ್ಗರಣೆ ಕೊಟ್ಟರೆ ತಂಬುಳಿ ಸಿದ್ಧ. ಅಂಗಳವಿಲ್ಲದ ಪಟ್ಟಣದವರಿಗೂ ತೊಂದರೆಯಿಲ್ಲ: ಬೇರಿರುವ ಒಂದು ಬಳ್ಳಿಯ ತುಂಡನ್ನು ತಂದು, ಬಚ್ಚಲ ಬದಿಯ ಕುಂಡದಲ್ಲಿ ಅರೆನೆರಳಿಗೆ ನೆಟ್ಟು, ತೇವ ಆರದಂತೆ ನೋಡಿಕೊಂಡರೆ ಅದು ತಾನಾಗಿ ಹಬ್ಬಿಕೊಳ್ಳುತ್ತದೆ.